ದವಡೆಹಲ್ಲಿನ ಕಿರೀಟ

ಸಂಸ್ಕೃತದಲ್ಲಿ ಹಲ್ಲಿಗೆ ದ್ವಿಜವೆಂದು ಹೆಸರುಂಟು. ಒಮ್ಮೆ ಬಿದ್ದು ಮತ್ತೊಮ್ಮೆ ಹುಟ್ಟುವುದೇ ಅದಕ್ಕೆ ಕಾರಣವು. ಈ ಪದವನ್ನು ಎಷ್ಟೋ ವರ್ಷ ಮಕ್ಕಳಿಗೆ ಬಾಯಿಪಾಠ ಮಾಡಿಸಿದೆವು. ಆದರೆ ಆರನೆಯ ವಯಸ್ಸಿನ ಸುಮಾರಿಗೆ ಹಾಲುಹಲ್ಲುಗಳ ಹಿಂದೆ ಮೂಡುವ ದೊಡ್ಡ ದವಡೆಹಲ್ಲು ಯಾವ ಹಲ್ಲೂ ಬೀಳದೆಯೇ ಹುಟ್ಟತಕ್ಕದ್ದು. ಅದಕ್ಕೆ ಇರುವುದು ಒಂದೇ ಜನ್ಮ. ಇದನ್ನು ನಾವು ತಿಳಿದುದು ಅದನ್ನು ಕಳೆದುಕೊಂಡ ಮೇಲೆ.

ಆ ಹಲ್ಲು ಹುಳುಕಾಗಿ ರಾತ್ರಿಯೆಲ್ಲ ನೋಯತೊಡಗಿದಾಗ ದಂತವೈದ್ಯರು ರೂಟ್ ಕೆನಾಲ್ ಚಿಕಿತ್ಸೆಯನ್ನು ಮಾಡಿ, ಬೇರಿನ ನಾಳಗಳನ್ನು ಶುದ್ಧಿಗೊಳಿಸಿ ತುಂಬಿದರು. ಕೆಲವು ವಾರಗಳೊಳಗೆ ಕ್ಯಾಪ್ ಹಾಕಿಸಿಕೊಳ್ಳಿರೆಂದೂ ಹೇಳಿದರು. ನೋವು ನಿಂತಿತು. ನೋಯದ ಹಲ್ಲಿಗೆ ಪಿಂಚಣಿಯ ಹಣವನ್ನು ಸುರಿಯುವುದೇಕೆಂದು ತಿಂಗಳುಗಳನ್ನು ಕಳೆದೆವು. ಗೋಕುಲಾಷ್ಟಮಿಯ ದಿನ ಚಕ್ಕುಲಿಯನ್ನು ಕಡಿದಾಗ ಚಟ್ಟೆಂದಿತು. ಬಿರುಕು ಬೇರಿನವರೆಗೆ ಇಳಿದುದರಿಂದ ಹಲ್ಲನ್ನು ಕೀಳಿಸದೆ ಗತಿಯಿರಲಿಲ್ಲ. ವೈದ್ಯರಲ್ಲಿ ಎಳ್ಳಷ್ಟೂ ತಪ್ಪಿಲ್ಲ.

ನರ ಸತ್ತ ಹಲ್ಲು ಒಣಗಿ ಪುಡಿಯಾಗುವುದೆಂದು ಜನರಾಡುವುದುಂಟು. ಮುಖ್ಯ ಕಾರಣವು ಅದಲ್ಲ. ಹುಳುಕನ್ನು ಕೆರೆದು, ನಾಳಗಳಿಗೆ ದಾರಿ ಮಾಡಲು ಮೇಲ್ಭಾಗವನ್ನು ತೆರೆದ ಮೇಲೆ ಉಳಿಯುವುದು ಮಾಡಿಲ್ಲದ ಮನೆಯ ಗೋಡೆಗಳಷ್ಟೆ. ಅಗಿಯುವ ಭಾರವು ಬೆಣೆ ಹೊಡೆದಂತೆ ಆ ಗೋಡೆಗಳನ್ನು ಹೊರಕ್ಕೆ ಸೀಳುತ್ತದೆ. ಬಂಡಿಯ ಗಾಲಿಗೆ ಕಬ್ಬಿಣದ ಪಟ್ಟೆಯನ್ನು ಬಿಗಿಯುವರಲ್ಲವೆ? ಕ್ಯಾಪು ಹಲ್ಲನ್ನು ಸುತ್ತಲೂ ಹಾಗೆಯೇ ಹಿಡಿಯುವುದು. ಆ ಹಿಡಿತಕ್ಕೆ ಒಸಡಿನ ಮೇಲೆ ಸುಮಾರು 2 ಮಿಲಿಮೀಟರಿನಷ್ಟಾದರೂ ಗಟ್ಟಿಯಾದ ಹಲ್ಲು ಉಳಿದಿರಬೇಕು. 2002ರಲ್ಲಿ ಪ್ರಕಟವಾದ ಅಮೆರಿಕದ ಒಂದು ಅಧ್ಯಯನದಲ್ಲಿ, ಇಂತಹ ಚಿಕಿತ್ಸೆಯಾಗಿ ಕಿರೀಟವಿಲ್ಲದ ಹಲ್ಲುಗಳು ಕಿರೀಟವುಳ್ಳವುಗಳಿಗಿಂತ 6 ಪಟ್ಟು ಹೆಚ್ಚಾಗಿ ನಷ್ಟವಾದುದು ಕಂಡುಬಂದಿತು. ಹೆಚ್ಚು ಸವೆಯದ ಮುಂದಿನ ಹಲ್ಲಿಗಾದರೋ ಅನೇಕ ವೇಳೆ ಬರಿಯ ತುಂಬುವಿಕೆಯೇ ಸಾಕು.

ಕಳೆದ ವರ್ಷ ನಮ್ಮ ಮನೆಯವರಿಗೂ ಇದೇ ಚಿಕಿತ್ಸೆಯಾಯಿತು. ಈ ಸಲ ನಾವು ತಡಮಾಡಲಿಲ್ಲ. ಲೋಹದ ಕ್ಯಾಪು ಗಟ್ಟಿಯಾದರೂ ಬಣ್ಣದಲ್ಲಿ ಹೊಂದದು. ಲೋಹದ ಮೇಲೆ ಪಿಂಗಾಣಿಯನ್ನು ಹೊದಿಸಿದುದರಲ್ಲಿ ಕಾಲಾನಂತರ ಒಸಡಿನ ಅಂಚಿನಲ್ಲಿ ಕಪ್ಪುಗೆರೆ ಕಾಣಿಸಬಹುದು. ಪೂರ್ಣ ಸೆರಾಮಿಕ್‌ನಲ್ಲಿ ಲಿಥಿಯಂ ಡೈಸಿಲಿಕೇಟ್ ಹಲ್ಲಿನ ಕಾಂತಿಯನ್ನು ಹೆಚ್ಚಾಗಿ ಹೋಲುವುದು. ಜಿರ್ಕೋನಿಯಾ ಅದಕ್ಕಿಂತ ಬಲವುಳ್ಳದ್ದು. ಜಿರ್ಕೋನಿಯಮ್ಮಿನ ಮೂಲವಾದ ಜಿರ್ಕಾನ್ ನಮ್ಮ ನೆರೆಯ ಕೇರಳದ ಚವರ ಕಡಲತೀರದ ಮರಳಿನಲ್ಲಿಯೂ ಉಂಟು. ಇವರಿಗೆ ನಿದ್ರೆಯಲ್ಲಿ ಹಲ್ಲು ಕಡಿಯುವ ಅಭ್ಯಾಸವಿರುವುದರಿಂದ ವೈದ್ಯರು ಜಿರ್ಕೋನಿಯಾವನ್ನೇ ಆರಿಸಿದರು. ಅದನ್ನು ಚೆನ್ನಾಗಿ ನುಣುಪುಮಾಡಿಸಬೇಕು. ಒರಟಾಗಿದ್ದರೆ ಎದುರಿನ ಹಲ್ಲನ್ನು ಸವೆಯಿಸುವುದು.

ಹಲ್ಲನ್ನು ಸುತ್ತಲೂ ತೇದು, ಅಳತೆಯ ಅಚ್ಚನ್ನು ತೆಗೆದು, ತಾತ್ಕಾಲಿಕ ಕ್ಯಾಪನ್ನು ಹಾಕಿ ಕಳುಹಿಸಿದರು. ವಾರದ ಮೇಲೆ ನಿಜವಾದುದನ್ನು ಅಂಟಿಸುವ ಮುನ್ನ ಬಣ್ಣದ ಕಾಗದವನ್ನು ಕಚ್ಚಿಸಿ, ಎತ್ತರವಾದೆಡೆಗಳನ್ನು ಕಂಡು ತೇದರು. ಇಲ್ಲಿ ಸಂಕೋಚವು ಕೂಡದು. ಎತ್ತರವೆನಿಸಿದರೆ ಆಗಲೇ ಹೇಳತಕ್ಕದ್ದು. ಇವರು ಮೊದಲು ಹೇಳದೆ, ಮನೆಗೆ ಬಂದು ಗೊಣಗಿ, ಮರುದಿನ ನಮ್ಮನ್ನು ಮತ್ತೆ ಅಲ್ಲಿಗೆ ನಡೆಸಿದರು.

ಗೃಹಸ್ಥರಾದ ವಾಚಕರು ಇನ್ನೊಂದನ್ನು ಗಮನಿಸಬೇಕು. ಸೆರಾಮಿಕ್ ಹುಳುಕಾಗದು, ಆದರೆ ಅದರ ಅಂಚು ಹಲ್ಲನ್ನು ಕೂಡುವಲ್ಲಿ ಹುಳುಕು ಹಿಡಿಯಬಹುದು. ಒಳಗೆ ನರವಿಲ್ಲದ್ದರಿಂದ ನೋವು ಮುನ್ಸೂಚನೆ ಕೊಡಲಾರದು. ಆದುದರಿಂದ ಆ ಅಂಚನ್ನು ಕುಂಚದಿಂದ ಉಜ್ಜಿ, ಎರಡು ಹಲ್ಲುಗಳ ನಡುವೆ ದಂತದಾರವನ್ನು ಆಡಿಸಿ, ನೋವಿಲ್ಲದಿದ್ದರೂ ವೈದ್ಯರಿಗೆ ಆಗಾಗ ತೋರಿಸುತ್ತಿರಬೇಕು.

ಈ ಸಲದ ಅಷ್ಟಮಿಗೆ ಮನೆಯವರು ಚಕ್ಕುಲಿಯನ್ನು ಎರಡು ಕಡೆಗಳಲ್ಲಿಯೂ ಅಗಿದರು. ನಮ್ಮ ಪಾಲಿನದನ್ನು ಮುರಿದು ಹಾಲಿನಲ್ಲಿ ನೆನೆಯಿಸಿಕೊಟ್ಟರು.