ಗಣಿತ-ವಿಜ್ಞಾನ ಶಿಕ್ಷಕರ ನೇಮಕ ಕೋರಿ ಮನವಿ ಪತ್ರ

ಗೆ,
ಮಾನ್ಯ ಅಧ್ಯಕ್ಷರು,
ಕರ್ನಾಟಕ ರಾಜ್ಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗ, ಬೆಂಗಳೂರು.

ಇವರಿಂದ: ಸಮೀರವಾಡಿ ಭಾಗದ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಪಾಲಕರು ಹಾಗೂ ಎಸ್‌ಡಿಎಂಸಿ ಸದಸ್ಯರು, ಬಾಗಲಕೋಟೆ ಜಿಲ್ಲೆ.

ಮಾನ್ಯರೇ,

ನಮ್ಮ ಶಾಲೆಯಲ್ಲಿ 6 ಮತ್ತು 7ನೇ ತರಗತಿಗೆ ಗಣಿತ, ವಿಜ್ಞಾನ ಕಲಿಸುವವರಿಲ್ಲ. ಇದ್ದವರು ವರ್ಗವಾಗಿ ಹೋದ ಮೇಲೆ ಬಂದದ್ದು ಭರವಸೆ ಮಾತ್ರ. ಎರಡೂ ತರಗತಿಗಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡು ಕನ್ನಡದ ಶಿಕ್ಷಕಿಯೇ ಹಲಗೆಯ ಈ ಅರ್ಧಕ್ಕೆ ದಶಮಾಂಶ, ಆ ಅರ್ಧಕ್ಕೆ ಬೀಜಗಣಿತ ಬರೆಯುತ್ತಾರೆ. ಅವರ ಶ್ರಮಕ್ಕೆ ನಾವು ಋಣಿ. ಆದರೆ ಮಕ್ಕಳಿಗೆ ಲೆಕ್ಕ ಬರುತ್ತಿಲ್ಲ. ಮುಖ್ಯಗುರುಗಳಿಗೆ ಬಿಸಿಯೂಟದ ಮೊಟ್ಟೆ ಲೆಕ್ಕ, ವಿದ್ಯಾರ್ಥಿಗಳ ಸ್ಯಾಟ್ಸ್ ದಾಖಲೆ ಮುಗಿದರೆ ತಾನೇ ಪಾಠ?

ಶಿಕ್ಷಣ ಹಕ್ಕು ಕಾಯ್ದೆ 2009 ತಮಗೆ ತಿಳಿಯದ್ದಲ್ಲ. ವಿಜ್ಞಾನ-ಗಣಿತಕ್ಕೆ ಒಬ್ಬರಾದರೂ ಇರಲೇಬೇಕೆಂದು ಅನುಸೂಚಿ, ಖಾಲಿ ಹುದ್ದೆ ಶೇ 10 ಮೀರಬಾರದೆಂದು ಕಲಂ 26, ದೂರನ್ನು 3 ತಿಂಗಳೊಳಗೆ ತೀರ್ಮಾನಿಸಬೇಕೆಂದು ಕಲಂ 32 ಹೇಳುತ್ತವೆ. ಶಿಕ್ಷಣ ಇಲಾಖೆಯ ಕಚೇರಿಗೆ ಕೊಟ್ಟ ನಮ್ಮ ಅರ್ಜಿಗಳ ಮೇಲೆ ಸ್ವೀಕೃತಿ ಮೊಹರು ಬಿದ್ದಿದೆ, ಉತ್ತರ ಬಂದಿಲ್ಲ. ಸಿಕ್ಕಿದ್ದು ಬಾಯಿಮಾತು: "ಮಕ್ಕಳೇ ಕಡಿಮೆ, ಶಿಕ್ಷಕರನ್ನ ಹ್ಯಾಂಗ ಕೊಡೋದು?" ಶಿಕ್ಷಕರಿಲ್ಲದ್ದಕ್ಕೇ ಮಕ್ಕಳು ಖಾಸಗಿ ಶಾಲೆಯ ವ್ಯಾನ್ ಹತ್ತಿದರೆಂದು ಹೇಳಿದರೆ ಕೇಳಿಸಿಕೊಳ್ಳುವ ವ್ಯವಧಾನ ಅಲ್ಲಿ ಯಾರಿಗೂ ಇರಲಿಲ್ಲ. ಕಟುವಾಯಿತು, ಕ್ಷಮೆಯಿರಲಿ. ದಾಖಲಾತಿ ಆಂದೋಲನದ ಜಾಥಾಕ್ಕೆ ಮಾತ್ರ ನಮ್ಮ ಮಕ್ಕಳು ಬೇಕಾಗುತ್ತಾರೆ.

ಸಂಖ್ಯೆಯ ಮಾತೇ ಬಂದರೆ, ಸಕ್ಕರೆ ಕಾರ್ಖಾನೆಯ ಹಂಗಾಮು ಶುರುವಾದೊಡನೆ ಕಬ್ಬು ಕಡಿಯುವ ಗ್ಯಾಂಗುಗಳ ಜೊತೆ ಮಕ್ಕಳೂ ಬರುತ್ತಾರೆ. ತಾಯಿ ಕಬ್ಬು ಕಡಿಯುವಾಗ ಗುಡಿಸಲಲ್ಲಿ ತಮ್ಮನನ್ನು ಎತ್ತಿಕೊಂಡು ಕೂರುವ ಹುಡುಗಿ ಯಾವ ಶಾಲೆಯ ಹಾಜರಿಯಲ್ಲೂ ಇಲ್ಲ. ಶಾಲಾ ಮಕ್ಕಳ ಯುಡೈಸ್ ಎಣಿಕೆ ಮುಗಿದ ಮೇಲೆ ಬಂದವಳು ಅವಳು. ವಲಸೆ ಮಕ್ಕಳ ದಾಖಲಾತಿ ಅದೇ ಕಾಯ್ದೆಯ ಕಲಂ 9ರಂತೆ ಸ್ಥಳೀಯ ಪ್ರಾಧಿಕಾರದ ಹೊಣೆ. ಅವರಿಗಾಗಿ ಹಂಗಾಮು ಮುಗಿಯುವವರೆಗೆ ಟೆಂಟ್ ಶಾಲೆ ನಡೆಸಬೇಕು.

ಕಾಯಂ ಶಿಕ್ಷಕರು ಬರುವವರೆಗೆ ಅತಿಥಿ ಶಿಕ್ಷಕರನ್ನು ಕೊಡುವುದಾದರೆ, ಬಿ.ಇಡಿ. ಮುಗಿಸಿ ಮನೆಯಲ್ಲಿ ಕುಳಿತಿರುವ ಊರಿನವರಿಗೇ ಆದ್ಯತೆ ಇರಲಿ. ಕಾಂಪೌಂಡ್, ಕುಡಿಯುವ ನೀರು, ಶೌಚಾಲಯದ ಬಾಗಿಲು ಇವೂ ಆಗಬೇಕಾಗಿವೆ.

ಅಡಕ: ಸ್ವೀಕೃತಿ ಮೊಹರಿನ ಅರ್ಜಿಗಳ ನಕಲು, ಎಸ್‌ಡಿಎಂಸಿ ಠರಾವು, ಹಾಜರಿ ಪುಸ್ತಕದ ಪುಟಗಳು, ವರ್ಗಾವಣೆ ಪತ್ರ ಒಯ್ದ ಮಕ್ಕಳ ಪಟ್ಟಿ, ವೇಳಾಪಟ್ಟಿ, ಗಣಿತದ ಖಾಲಿ ನೋಟುಬುಕ್ಕುಗಳ ಫೋಟೊ.

ದಸರಾ ರಜೆ ಮುಗಿದು ಶಾಲೆ ತೆರೆಯುವ ದಿನವೇ ಗಣಿತ-ವಿಜ್ಞಾನ ಶಿಕ್ಷಕರು ತರಗತಿಯಲ್ಲಿರುವಂತೆ ಲಿಖಿತ ಆದೇಶ ಮಾಡಿ, ಅದರ ಒಂದು ಪ್ರತಿಯನ್ನು ನಮಗೂ ಕಳುಹಿಸಬೇಕಾಗಿ ವಿನಂತಿ.

ತಮ್ಮ ವಿಶ್ವಾಸಿಗಳು,
(ಪಾಲಕರ ಸಹಿ ಮತ್ತು ಹೆಬ್ಬೆಟ್ಟು)