ಸಾಧಾರಣ ಅಂಕಗಳೂ ಸರಕಾರಿ ಕಾಲೇಜುಗಳೂ: ಒಂದು ಪ್ರತಿಕ್ರಿಯೆ

ಪ್ಲಸ್ ಟು ಪರೀಕ್ಷೆಯಲ್ಲಿ ಸಾಧಾರಣ ಅಂಕ ಪಡೆದ ಕಾಸರಗೋಡಿನ ಕನ್ನಡ ವಿದ್ಯಾರ್ಥಿಗಳಿಗೆ ಸರಕಾರಿ ಕಾಲೇಜಿನಲ್ಲಿ ಸೀಟು ಸಿಗುವುದಿಲ್ಲ, ಸಿಕ್ಕರೂ ಅಲ್ಲಿಯ ಪದವಿಗೆ ಬೆಲೆಯಿಲ್ಲ, ಆದ್ದರಿಂದ ಸಾಲ ಮಾಡಿಯಾದರೂ ಅವರನ್ನು ಮಂಗಳೂರಿನ ಖಾಸಗಿ ಕಾಲೇಜಿಗೆ ಸೇರಿಸಬೇಕು ಎಂಬ ಪ್ರಕಟಿತ ಲೇಖನವೊಂದರ ವಾದವು ಹೆತ್ತವರ ನಿಜವಾದ ಆತಂಕದಿಂದ ಹುಟ್ಟಿದ್ದರೂ ಅದರ ಆಧಾರಗಳು ದುರ್ಬಲವಾಗಿವೆ. ಕಣ್ಣೂರು ವಿಶ್ವವಿದ್ಯಾನಿಲಯದ ಏಕಗವಾಕ್ಷಿ ಪ್ರವೇಶದಲ್ಲಿ, ಅಂದರೆ ಒಂದೇ ಅರ್ಜಿಯಲ್ಲಿ ಹಲವು ಕಾಲೇಜುಗಳನ್ನೂ ವಿಷಯಗಳನ್ನೂ ಆದ್ಯತೆಯ ಕ್ರಮದಲ್ಲಿ ಸೂಚಿಸುವ ವ್ಯವಸ್ಥೆಯಲ್ಲಿ, ಸೀಟು ಹಂಚಿಕೆಯು ವಿಷಯವಾರು, ಹಲವು ಸುತ್ತುಗಳಲ್ಲಿ ನಡೆಯುವುದರಿಂದ, ಬಿ.ಕಾಂ.ಗೆ ಸಾಲದ ಅಂಕ ಕನ್ನಡ ಬಿ.ಎ.ಗೂ ಸಾಲದೆಂದು ಮೊದಲೇ ತೀರ್ಮಾನಿಸುವುದು ತಪ್ಪು.

ಶುಲ್ಕ ಕಡಿಮೆಯಾದ್ದರಿಂದ ಗುಣಮಟ್ಟವೂ ಕಡಿಮೆ ಎಂಬುದು ಇನ್ನೂ ದೊಡ್ಡ ತಪ್ಪು: 1957ರಲ್ಲಿ ಆರಂಭವಾದ ಕಾಸರಗೋಡು ಸರಕಾರಿ ಕಾಲೇಜಿನಲ್ಲಿಯೂ 1980ರಲ್ಲಿ ಆರಂಭವಾದ ಮಂಜೇಶ್ವರದ ಗೋವಿಂದ ಪೈ ಸ್ಮಾರಕ ಸರಕಾರಿ ಕಾಲೇಜಿನಲ್ಲಿಯೂ ಅಧ್ಯಾಪಕರ ವೇತನವನ್ನು ಸರಕಾರವೇ ಕೊಡುವುದರಿಂದ ಆ ಹೊರೆ ವಿದ್ಯಾರ್ಥಿಯ ಮೇಲೆ ಬೀಳುವುದಿಲ್ಲ, ಖಾಸಗಿ ಆಡಳಿತದ ಕಾಲೇಜುಗಳ ಅನುದಾನಿತ ತರಗತಿಗಳಿಗೂ ಇದು ಅನ್ವಯಿಸುತ್ತದೆ, ಪೂರ್ತಿ ವೆಚ್ಚವನ್ನು ಶುಲ್ಕದಿಂದಲೇ ಭರಿಸುವ ಸ್ವಾಶ್ರಯ ತರಗತಿಗಳಿಗೆ ಅನ್ವಯಿಸುವುದಿಲ್ಲ, ಮತ್ತು ಸಾಲದ ಮಾತೆತ್ತುವವರು ಮೊದಲು ವಿವರಿಸಬೇಕಾಗಿದ್ದ ಈ ವ್ಯತ್ಯಾಸದ ಸುಳಿವೇ ಲೇಖನದಲ್ಲಿಲ್ಲ. ಪೆರಿಯದ ಕೇರಳ ಕೇಂದ್ರೀಯ ವಿಶ್ವವಿದ್ಯಾನಿಲಯದ ಎಂ.ಎ. ಪ್ರವೇಶಕ್ಕೆ ರಾಷ್ಟ್ರಮಟ್ಟದ ಪ್ರವೇಶ ಪರೀಕ್ಷೆಯ ಅಂಕವೇ ಮುಖ್ಯವಾಗಿದ್ದರೂ, ಪ್ಲಸ್ ಟು ಅಂಕಪಟ್ಟಿಯೊಂದನ್ನೇ ನೋಡಿ ಬಡ ಕುಟುಂಬವನ್ನು ಸಾಲಕ್ಕೆ ದೂಡುವ ಆ ಸಲಹೆಯು, ಪದವಿಯ ಬಳಿಕ ಜಿಲ್ಲೆಯೊಳಗೇ ತೆರೆದುಕೊಳ್ಳುವ ಈ ದಾರಿಯನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ.