ಹೊಗೆ ನೋಡಿ, ಆಮೇಲೆ ಹಣ ಬಿಚ್ಚಿ

ಗಡಹಿಂಗ್ಲಜದ ಓದುಗರೊಬ್ಬರು ಕೇಳಿದ್ದಾರೆ: “ಫಾದರ್, ನಮ್ಮಲ್ಲಿ ಹಳೆಯ ಇಂಡಿಕಾ ಡೀಸೆಲ್ ಇದೆ. ತಂದೆಯವರನ್ನು ತಿಂಗಳಿಗೆ ಎರಡು ಸಲ ಕೊಲ್ಲಾಪುರದ ಆಸ್ಪತ್ರೆಗೆ ಕರೆದೊಯ್ಯಬೇಕು. ಚಳಿಗಾಲದ ಬೆಳಿಗ್ಗೆ ಗಾಡಿ ಚಾಲೂ ಆಗುವುದಿಲ್ಲ, ಎವರೇಜೂ ಇಳಿದಿದೆ. ಮಿಸ್ತ್ರಿ ಪಂಪ್, ನೋಝಲ್ ಎಲ್ಲ ಬಿಚ್ಚಬೇಕು ಅನ್ನುತ್ತಾರೆ. ಏನು ಮಾಡೋಣ?”

ಪಂಪ್ ಕೊನೆಗೆ ಬಿಚ್ಚಿಸಿ. ಕಡಿಮೆ ಖರ್ಚಿನ ಪರೀಕ್ಷೆಗಳು ಮೊದಲು ಮುಗಿಯಲಿ.

ಡೀಸೆಲ್ ಇಂಜಿನ್ನಿಗೆ ಸ್ಪಾರ್ಕ್ ಪ್ಲಗ್ ಇಲ್ಲ. ಗಾಳಿಯನ್ನು ಬಿಗಿಯಾಗಿ ಒತ್ತಿದಾಗ ಹುಟ್ಟುವ ಬಿಸಿಗೇ ಡೀಸೆಲ್ ಹೊತ್ತಿಕೊಳ್ಳಬೇಕು. 1998ರಲ್ಲಿ ಬಂದ ಇಂಡಿಕಾದ 1.4 ಲೀಟರ್ ಇಂಜಿನ್ನಿನಲ್ಲಿ ಡೀಸೆಲ್ ಮೊದಲು ಒಂದು ಸಣ್ಣ ಕೋಣೆಯೊಳಗೆ ಸಿಂಪಡಣೆಯಾಗುತ್ತದೆ. ಚಳಿಯಲ್ಲಿ ಆ ಕೋಣೆಯ ಗೋಡೆ ಬಿಸಿಯನ್ನು ಹೀರಿಬಿಡುತ್ತದೆ. ಅದಕ್ಕೇ ಪ್ರತಿ ಸಿಲಿಂಡರಿಗೂ ಒಂದು ಹೀಟರ್ ಪ್ಲಗ್. ಹೀಗಾಗಿ ಬೆಳಗಿನ ಚಾಲೂಗೆ ಬೇಕಾದವು ಮೂರು: ಸೆಲ್ಫ್‌ನ ವೇಗ, ಬಿಸಿ, ಗಾಳಿ ಸೇರದ ಡೀಸೆಲ್.

ಮೊದಲು ಬ್ಯಾಟರಿ. ರಾತ್ರಿಯಿಡೀ ನಿಂತ ಗಾಡಿಯ ಬ್ಯಾಟರಿ ಮೀಟರಿನಲ್ಲಿ ಸುಮಾರು 12.6 ವೋಲ್ಟ್ ತೋರಿಸಬೇಕು. ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗಿಳಿದರೆ ಬ್ಯಾಟರಿ ಸೋತಿದೆ ಅಥವಾ ಸೆಲ್ಫ್ ಹೆಚ್ಚು ಕರೆಂಟ್ ಎಳೆಯುತ್ತಿದೆ. ಟರ್ಮಿನಲ್ ಮೇಲಿನ ಬಿಳಿ ಪುಡಿ, ಸಡಿಲಾದ ಅರ್ಥಿಂಗ್ ವಾಯರ್ ಕೂಡ ನೋಡಿ. ಹೀಟರ್ ಪ್ಲಗ್ಗುಗಳನ್ನು ಜೋಡಿಸುವ ಪಟ್ಟಿ ಬಿಚ್ಚಿ, ಬ್ಯಾಟರಿಯ ಪ್ಲಸ್ ತುದಿಯಿಂದ ಟೆಸ್ಟ್ ಲ್ಯಾಂಪ್ ಮೂಲಕ ಒಂದೊಂದನ್ನೇ ಮುಟ್ಟಿಸಿದರೆ, ದೀಪ ಉರಿಯದ ಪ್ಲಗ್ ಸತ್ತಿದೆಯೆಂದು ತಿಳಿಯುತ್ತದೆ. ನಾಲ್ಕೂ ಸರಿ ಇದ್ದರೆ ಅವುಗಳಿಗೆ ಕರೆಂಟ್ ಬರುತ್ತಿದೆಯೇ ಎಂದು ರಿಲೇ, ಫ್ಯೂಸ್ ನೋಡಿಸಿ.

ಇನ್ನು ಹೊಗೆ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಬಿಳಿ ಹೊಗೆ ಬಂದರೆ ಡೀಸೆಲ್ ತಲುಪಿದೆ, ಉರಿಯುತ್ತಿಲ್ಲ. ಬಿಸಿ ಅಥವಾ ಕಂಪ್ರೆಶನ್ ಸಾಲದು. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪುತ್ತಿಲ್ಲ. ಆಗ ಪಂಪಿನ ಮೇಲಿನ ಸ್ಟಾಪ್ ಸೊಲೆನಾಯ್ಡ್ ವಾಯರ್ ನೋಡಿ, ಪೈಪಿನಲ್ಲಿ ಏರ್ ಹಿಡಿದಿದೆಯೇ ನೋಡಿ. ಸಂಜೆ ಸಲೀಸಾಗಿ ಚಾಲೂ ಆಗಿ, ಬೆಳಿಗ್ಗೆ ಹ್ಯಾಂಡ್ ಪಂಪ್ ಒತ್ತಿದ ಮೇಲಷ್ಟೇ ಚಾಲೂ ಆಗುವ ಗಾಡಿಯಲ್ಲಿ ಡೀಸೆಲ್ ರಾತ್ರಿ ಟ್ಯಾಂಕಿಗೆ ಹಿಂದಿರುಗಿರುತ್ತದೆ. ಹಳೆಯ ರಬ್ಬರ್ ಪೈಪು, ಕ್ಲಿಪ್ಪು, ಫಿಲ್ಟರಿನ ವಾಷರ್ ಇದಕ್ಕೆ ಸಾಮಾನ್ಯ ಕಾರಣ. ಮಳೆಗಾಲದಲ್ಲಿ ಫಿಲ್ಟರಿನ ಕೆಳಗಿನಿಂದ ನೀರು ಬಿಡುವುದನ್ನೂ ಮರೆಯಬೇಡಿ.

ಎವರೇಜಿನ ವಿಷಯದಲ್ಲಿ ಅಂದಾಜು ಬೇಡ. ಒಂದೇ ಬಂಕಿನಲ್ಲಿ ಟ್ಯಾಂಕ್ ಪೂರ್ತಿ ತುಂಬಿಸಿ, ಓಡಿಸಿ, ಮತ್ತೆ ಪೂರ್ತಿ ತುಂಬಿಸಿ. 450 ಕಿ.ಮೀ.ಗೆ 30 ಲೀಟರ್ ಹಿಡಿದರೆ ಎವರೇಜ್ 15. ಆಜರಾ ದಾಟಿ ಅಂಬೋಲಿ ಕಡೆಗೆ ಹೋದ ಲೆಕ್ಕವನ್ನು ಹೆದ್ದಾರಿಯಲ್ಲಿ ಓಡಿಸಿದ ಲೆಕ್ಕದ ಜೊತೆ ಹೋಲಿಸಬೇಡಿ.

ಆಮೇಲೆ ಟೈರಿನ ಗಾಳಿ ನೋಡಿ. ಹತ್ತು ಕಿ.ಮೀ. ಓಡಿಸಿದ ಮೇಲೆ ಚಕ್ರಗಳ ಹತ್ತಿರ ಕೈ ಹಿಡಿಯಿರಿ. ಒಂದು ಮಾತ್ರ ವಿಪರೀತ ಬಿಸಿಯಾಗಿದ್ದರೆ ಬ್ರೇಕ್ ಹಿಡಿದುಕೊಂಡಿದೆ. ಇಚಲಕರಂಜಿಯ ಮಗ್ಗದ ಶೆಡ್ಡುಗಳ ಬದಿಗೆ ಗಾಡಿ ನಿಲ್ಲಿಸುವವರು ಏರ್ ಫಿಲ್ಟರಿನಲ್ಲಿ ಹತ್ತಿಯ ಧೂಳು ಕೂತಿದೆಯೇ ನೋಡಿ. ಗಾಳಿ ಸಾಲದಿದ್ದರೆ ಹೊಗೆ ಕಪ್ಪಾಗುತ್ತದೆ, ಡೀಸೆಲ್ ವ್ಯರ್ಥವಾಗುತ್ತದೆ. ಇನ್ನೊಂದು ಮಾತು: ಗಾಡಿ ಬಿಸಿಯಾಗುತ್ತದೆಂದು ಹಿಂದೆ ಯಾರಾದರೂ ಥರ್ಮೋಸ್ಟಾಟ್ ತೆಗೆದುಹಾಕಿದ್ದಾರೆಯೇ? ಅದಿಲ್ಲದ ಇಂಜಿನ್ ಬೇಗ ಬಿಸಿಗೆ ಬಾರದೆ ಹೆಚ್ಚು ಡೀಸೆಲ್ ಕುಡಿಯುತ್ತದೆ.

ಮೂರು ಎಚ್ಚರಿಕೆಗಳು. ಹೀಟರ್ ಪ್ಲಗ್ ಇರುವ ಇಂಜಿನ್ನಿಗೆ ಈಥರ್ ಸ್ಪ್ರೇ ಹೊಡೆಯಬೇಡಿ, ಸ್ಫೋಟವಾಗಬಹುದು. ಉಳಿತಾಯವೆಂದು ಸೀಮೆಎಣ್ಣೆ ಬೆರೆಸಬೇಡಿ. ಪಂಪಿಗೆ ಜಿಡ್ಡು ಕೊಡುವುದೇ ಡೀಸೆಲ್. ನೋಝಲ್ ಸಿಂಪಡಿಸುವಾಗ ಬೆರಳು ಒಡ್ಡಬೇಡಿ. ಅದರ ಒತ್ತಡ ಚರ್ಮವನ್ನು ತೂರಿ ಹೋಗುತ್ತದೆ.

ಇವೆಲ್ಲ ಸರಿಯಿದ್ದೂ ತೊಂದರೆ ಉಳಿದರೆ ಕಂಪ್ರೆಶನ್ ಟೆಸ್ಟ್ ಮಾಡಿಸಿ, ನಾಲ್ಕು ಸಿಲಿಂಡರಿನ ಅಂಕಿಗಳನ್ನು ಬರೆದುಕೊಳ್ಳಿ. ಕೊಲ್ಲಾಪುರ ಎರಕಕ್ಕೂ ಆಯಿಲ್ ಇಂಜಿನ್ನಿಗೂ ಹೆಸರಾದ ಊರು. ಶಿವಾಜಿ ಉದ್ಯಮನಗರದಲ್ಲಿ ಇಂಜಿನ್ ಬಲ್ಲವರಿಗೆ ಕೊರತೆಯಿಲ್ಲ. ಅಂಕಿ ಚೆನ್ನಾಗಿದ್ದರೆ ಪಂಪ್, ನೋಝಲ್ ಕೆಲಸಕ್ಕೆ ಖರ್ಚು ಮಾಡಬಹುದು. ತೀರಾ ಇಳಿದಿದ್ದರೆ ಪಂಪಿಗೆ ಸುರಿದ ಹಣ ನೀರಿಗೆ ಹಾಕಿದಂತೆ. ಗಾಡಿ 15 ವರ್ಷ ದಾಟಿದ್ದರೆ ಫಿಟ್‌ನೆಸ್ ಮಾಡಿಸಿ ನೋಂದಣಿ ನವೀಕರಿಸುವ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿಕೊಂಡು, ಮನೆಯವರೆಲ್ಲ ಕೂತು ತೀರ್ಮಾನಿಸಿ. ಅಲ್ಲಿಯವರೆಗೆ ಆಸ್ಪತ್ರೆಗೆ ಹೋಗುವ ದಿನಕ್ಕೆ ಬೇರೊಂದು ಗಾಡಿ ಹೇಳಿಟ್ಟಿರಿ. ತಂದೆಯವರ ಚಿಕಿತ್ಸೆ ಹೀಟರ್ ಪ್ಲಗ್ಗಿಗಾಗಿ ಕಾಯುವಂತಾಗಬಾರದು.